ಕೊನೆ ಪುಟದ ಕೊನೆ ಸಾಲು

ಮನೆಗೆ ಪೇಪರ್ ಬರ್ತಿದ್ರೆ ಒಂದು ಕೆಲಸ ಮಾಡಿ. ಹೆಡ್‌ಲೈನು, ಕ್ರಿಕೆಟ್ಟು, ಸಿನಿಮಾ ಎಲ್ಲ ಬಿಟ್ಟು ನೇರವಾಗಿ ಕೊನೆ ಪುಟದ ತಳಕ್ಕೆ ಹೋಗಿ. ಅಲ್ಲಿಲ್ಲದಿದ್ದರೆ ಒಳಪುಟ ಯಾವುದಾದರೊಂದರ ಅಡಿಯಲ್ಲಿರುತ್ತೆ. ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಇಂಥವರ ಪರವಾಗಿ ಇಂಥವರು ಇಂಥ ಮುದ್ರಣಾಲಯದಲ್ಲಿ ಮುದ್ರಿಸಿ, ಇಂಥ ವಿಳಾಸದಿಂದ ಪ್ರಕಟಿಸಿದ್ದಾರೆ, ಸಂಪಾದಕರು ಇಂಥವರು ಅಂತ ಒಂದು ಸಾಲು. ಕೆಲವು ಪತ್ರಿಕೆಗಳಲ್ಲಿ ಸಂಪಾದಕರ ಹೆಸರಿನ ಪಕ್ಕ ಒಂದು ನಕ್ಷತ್ರ ಚಿಹ್ನೆ ಹಾಕಿ, ಸುದ್ದಿಯ ಆಯ್ಕೆಗೆ ಕಾಯ್ದೆಯ ಪ್ರಕಾರ ಇವರೇ ಜವಾಬ್ದಾರರು ಅಂತಲೂ ಬರೆದಿರುತ್ತಾರೆ.

ಇದನ್ನು ಓದುವವರು ಯಾರು? ಯಾರೂ ಇಲ್ಲ. ಆದರೆ ನಮ್ಮ ದೇಶದ ಪತ್ರಿಕೋದ್ಯಮದ ಇನ್ನೂರೈವತ್ತು ವರ್ಷದ ಜಗಳವೆಲ್ಲ ಈ ಒಂದು ಸಾಲಿನೊಳಗೆ ಮಡಚಿಕೊಂಡು ಕೂತಿದೆ. ಕೃತಕ ಬುದ್ಧಿಮತ್ತೆ ಬಂದು ಪತ್ರಿಕೆಗಳ ಕತೆ ಏನಾಗುತ್ತೆ, ಪ್ರಜಾಪ್ರಭುತ್ವದ ಕತೆ ಏನಾಗುತ್ತೆ ಅಂತ ಈಗ ಎಲ್ಲರೂ ಕೇಳ್ತಿದ್ದಾರಲ್ಲ, ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಶುರು ಮಾಡಬೇಕಾದ ಜಾಗವೂ ಇದೇ ಅಂತ ನನಗನ್ನಿಸುತ್ತೆ. ಯಾಕೆ ಅಂತ ಹೇಳ್ತೀನಿ. ಅದಕ್ಕೆ ಮೊದಲು ಕಲ್ಕತ್ತೆಗೆ ಹೋಗಬೇಕು.

1780ರ ಜನವರಿ 29. ಜೇಮ್ಸ್ ಅಗಸ್ಟಸ್ ಹಿಕ್ಕಿ ಅನ್ನೋ ಐರಿಷ್ ಮನುಷ್ಯ ಕಲ್ಕತ್ತೆಯಲ್ಲಿ ಒಂದು ವಾರಪತ್ರಿಕೆ ಶುರು ಮಾಡಿದ. ಹೆಸರು ಬೆಂಗಾಲ್ ಗೆಜೆಟ್. ಭಾರತದಲ್ಲಿ ಅಚ್ಚಾದ ಮೊದಲ ಪತ್ರಿಕೆ ಅದು. ಹಿಕ್ಕಿ ದೊಡ್ಡ ಮನುಷ್ಯನೇನಲ್ಲ. ಸಾಲ ತೀರಿಸಲಾಗದೆ ಜೈಲು ಸೇರಿದ್ದವನು, ಅಲ್ಲಿದ್ದಾಗಲೇ ಅಚ್ಚಿನ ಕೆಲಸ ಶುರು ಮಾಡಿದ್ದವನು. ತನ್ನ ಪತ್ರಿಕೆ ಎಲ್ಲ ಪಕ್ಷಗಳಿಗೂ ತೆರೆದದ್ದು, ಆದರೆ ಯಾರ ಪ್ರಭಾವಕ್ಕೂ ಒಳಗಾಗದ್ದು ಅಂತ ಘೋಷಿಸಿಕೊಂಡ. ಇವತ್ತು ಸ್ವತಂತ್ರ ಪತ್ರಿಕೋದ್ಯಮ ಅಂತ ನಾವು ಯಾವುದನ್ನು ಕರೀತೀವೋ ಅದರ ಮೊದಲ ಜಾಹೀರಾತು ಅಂತ ಬೇಕಾದ್ರೆ ಅನ್ಕೊಳ್ಳಿ.

ಹಿಕ್ಕಿ ಸಂತನೂ ಅಲ್ಲ. ಊರಿನ ಬಿಳಿಯರ ಪ್ರೇಮ ಪ್ರಕರಣ, ಕುಡಿತ, ಜಗಳ ಎಲ್ಲವನ್ನೂ ಅಡ್ಡಹೆಸರಿಟ್ಟು ಅಚ್ಚು ಹಾಕ್ತಿದ್ದ. ಜೊತೆಗೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಆಡಳಿತದಲ್ಲಿ ಲಂಚ ನಡೀತಿದೆ ಅಂತಲೂ ಬರೆದ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲೈಜಾ ಇಂಪೆಯನ್ನೂ ಬಿಡಲಿಲ್ಲ. ಈ ಇಂಪೆ ಹೇಸ್ಟಿಂಗ್ಸ್‌ನ ಶಾಲೆಯ ಗೆಳೆಯ ಬೇರೆ. ಓದುಗರು ಸುಳ್ಳು ಹೆಸರಿನಲ್ಲಿ ಕಾಗದ ಬರೆದು ಕಳಿಸೋರು, ಹಿಕ್ಕಿ ಅಚ್ಚು ಹಾಕೋನು.

ಸರ್ಕಾರದ ಮೊದಲ ಏಟು ಬರಹದ ಮೇಲೆ ಬೀಳಲಿಲ್ಲ, ದಾರಿಯ ಮೇಲೆ ಬಿತ್ತು. 1780ರ ನವೆಂಬರ್‌ನಲ್ಲಿ ಹಿಕ್ಕಿಯ ಪತ್ರಿಕೆಯನ್ನು ಅಂಚೆಯಲ್ಲಿ ಸಾಗಿಸಬಾರದು ಅಂತ ಆದೇಶ ಬಂತು. ಬರೀಬಹುದು, ಅಚ್ಚು ಹಾಕಬಹುದು, ಓದುಗನಿಗೆ ಮುಟ್ಟಿಸೋ ಹಾಗಿಲ್ಲ! ಹಿಕ್ಕಿ ಹರಕಾರರನ್ನು ನೇಮಿಸಿಕೊಂಡು ಕಾಲ್ನಡಿಗೆಯಲ್ಲೇ ಪತ್ರಿಕೆ ಹಂಚಿಸಿದ. 1781ರ ಜೂನ್‌ನಲ್ಲಿ ಅವನನ್ನು ಹಿಡಿದು ಮಾನಹಾನಿಯ ವಿಚಾರಣೆ ನಡೆಸಿದರು. ಜೈಲಿಗೆ ಹೋದ. ಜೈಲಿನೊಳಗಿಂದಲೇ ಪತ್ರಿಕೆ ನಡೆಸಿದ. ಕೊನೆಗೆ 1782ರಲ್ಲಿ ಅವನ ಅಚ್ಚಿನ ಮೊಳೆಗಳನ್ನೇ ಜಪ್ತಿ ಮಾಡಿದ ಮೇಲೆ ಗೆಜೆಟ್ ನಿಂತಿತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಸುಳ್ಳು ಹೆಸರಿನಲ್ಲಿ ಕಾಗದ ಬರೆದವರು ತಮ್ಮ ತಮ್ಮ ಮನೆಗಳಲ್ಲಿ ಆರಾಮಾಗಿದ್ದರು. ಜೈಲಿಗೆ ಹೋದವನು ಹಿಕ್ಕಿ. ಯಾಕಂದ್ರೆ ಪತ್ರಿಕೆ ಯಾರದು ಅಂತ ಊರಿಗೆಲ್ಲ ಗೊತ್ತಿತ್ತು. ಬರೆದವನ ಹೆಸರು ಮುಚ್ಚಿಟ್ಟುಕೊಂಡರೂ ಅಚ್ಚು ಹಾಕಿದವನ ಹೆಸರು ಬಯಲಲ್ಲಿತ್ತು.

ಈ ಬಯಲಲ್ಲಿರೋ ಹೆಸರನ್ನು ಕಾನೂನು ಮಾಡಿದ್ದು 1799ರಲ್ಲಿ, ಮತ್ತು ಅದರ ಹಿಂದೆ ನಮ್ಮೂರಿನ ಕತೆಯೂ ಇದೆ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಟಿಪ್ಪುವಿನ ಜೊತೆಗಿನ ಯುದ್ಧ, ಫ್ರೆಂಚರು ಯಾವಾಗ ಬಂದಿಳೀತಾರೋ ಅನ್ನೋ ಭಯ, ಇವೆರಡರ ನಡುವೆ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಕಲ್ಕತ್ತೆಯ ಪತ್ರಿಕೆಗಳು ಸೈನ್ಯದ ಬಗ್ಗೆ ಬಾಯಿಗೆ ಬಂದಂತೆ ಬರೆಯೋದು ದೊಡ್ಡ ತಲೆನೋವಾಗಿತ್ತು. ಅದೇ ಮೇ ತಿಂಗಳಲ್ಲಿ ಪತ್ರಿಕೆಗಳಿಗೆ ನಿಯಮ ಬಂತು. ಪ್ರತಿ ಮುದ್ರಕ ತನ್ನ ಹೆಸರನ್ನು ಪತ್ರಿಕೆಯ ಅಡಿಯಲ್ಲಿ ಅಚ್ಚು ಹಾಕಬೇಕು. ಸಂಪಾದಕ, ಮಾಲೀಕ ತಮ್ಮ ಹೆಸರು, ವಿಳಾಸ ಸರ್ಕಾರಕ್ಕೆ ಕೊಡಬೇಕು. ಭಾನುವಾರ ಪತ್ರಿಕೆ ತರೋ ಹಾಗಿಲ್ಲ. ಸರ್ಕಾರದ ಕಾರ್ಯದರ್ಶಿ ಮೊದಲು ನೋಡದೆ ಏನೂ ಅಚ್ಚಾಗೋ ಹಾಗಿಲ್ಲ. ತಪ್ಪಿದರೆ ಶಿಕ್ಷೆ? ಸೀದಾ ಹಡಗು ಹತ್ತಿಸಿ ಯುರೋಪಿಗೆ ರವಾನೆ.

ಅಂದರೆ ಕೊನೆ ಪುಟದ ಆ ಸಾಲು ಹುಟ್ಟಿದ್ದು ಓದುಗನಿಗೆ ಒಳ್ಳೇದಾಗಲಿ ಅಂತಲ್ಲ. ಪೊಲೀಸರಿಗೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಾಗಲಿ ಅಂತ. ಅದು ಕೊರಳಿಗೆ ಹಾಕಿದ ಹಗ್ಗ.

ಆಮೇಲಿನ ಎಪ್ಪತ್ತು ವರ್ಷ ಈ ಹಗ್ಗ ಬಿಗಿಯೋದು, ಸಡಿಲವಾಗೋದು ನಡೆದೇ ಇತ್ತು. 1823ರಲ್ಲಿ ಪತ್ರಿಕೆ ನಡೆಸೋಕೆ ಲೈಸೆನ್ಸ್ ಬೇಕು ಅಂತಾದಾಗ ರಾಜಾರಾಮ ಮೋಹನ ರಾಯರು ತಮ್ಮ ಪಾರ್ಸಿ ಪತ್ರಿಕೆ ಮಿರಾತ್ ಉಲ್ ಅಖ್ಬಾರನ್ನು ಪ್ರತಿಭಟನೆಯಾಗಿ ನಿಲ್ಲಿಸಿಬಿಟ್ಟರು. 1835ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಲೈಸೆನ್ಸ್ ತೆಗೆದುಹಾಕಿದ. 1867ರಲ್ಲಿ ಬಂತು ನೋಡಿ, ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ. ಪ್ರತಿ ಮುದ್ರಿತ ಹಾಳೆಯ ಮೇಲೂ ಮುದ್ರಕನ ಹೆಸರು, ಊರು ಇರಬೇಕು. ಪ್ರಕಟಿಸಿದವನ ಹೆಸರಿರಬೇಕು. ಪತ್ರಿಕೆಯಾದರೆ ಮುದ್ರಕ ಮತ್ತು ಪ್ರಕಾಶಕ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ಇದು ನಾನೇ ಅಂತ ಸಹಿ ಹಾಕಬೇಕು. ಆ ಸಹಿಯೇ ಕೋರ್ಟಿನಲ್ಲಿ ಸಾಕ್ಷಿ. ಬ್ರಿಟಿಷರು ಹೋದರು, ಕಾಯ್ದೆ ಉಳೀತು. ನೂರೈವತ್ತು ವರ್ಷ ದಾಟಿದ ಮೇಲೆ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಂದು ಜಾರಿಗೆ ಬಂದಾಗಷ್ಟೇ ಹಳೇದು ನಿವೃತ್ತಿಯಾಯ್ತು.

ಕತೆ ಇಲ್ಲಿಗೇ ಮುಗಿದಿದ್ದರೆ ಇದು ಬರೀ ಸರ್ಕಾರಿ ದಬ್ಬಾಳಿಕೆಯ ಕತೆ. ಆದರೆ ಸರ್ಕಾರ ಹಾಕಿದ ಹಗ್ಗವನ್ನು ಪತ್ರಿಕೆಯವರು ಏನು ಮಾಡಿದರು ಅನ್ನೋದು ನಿಜವಾದ ಕತೆ.

1922ರ ಮಾರ್ಚ್ 18, ಅಹಮದಾಬಾದ್. ಗಾಂಧಿಯವರ ಮೇಲೆ ರಾಜದ್ರೋಹದ ವಿಚಾರಣೆ. ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅವರು ಬರೆದ ಮೂರು ಲೇಖನಗಳು ಆರೋಪಕ್ಕೆ ಆಧಾರ. ಗಾಂಧಿಯವರು ತಪ್ಪೊಪ್ಪಿಕೊಂಡದ್ದು, ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಗೌರವದಿಂದ ಮಾತಾಡಿ ಆರು ವರ್ಷ ಶಿಕ್ಷೆ ಕೊಟ್ಟದ್ದು ನಮಗೆಲ್ಲ ಶಾಲೆಯ ಪಾಠದಿಂದ ಗೊತ್ತು. ಆದರೆ ಅವತ್ತು ಆರೋಪಿಗಳ ಜಾಗದಲ್ಲಿ ಇನ್ನೊಬ್ಬರೂ ಇದ್ದರು. ಶಂಕರಲಾಲ್ ಬ್ಯಾಂಕರ್. ಅವರು ಆ ಲೇಖನಗಳ ಒಂದಕ್ಷರವನ್ನೂ ಬರೆದವರಲ್ಲ. ಪತ್ರಿಕೆಯ ಮುದ್ರಕ ಮತ್ತು ಪ್ರಕಾಶಕ, ಅಷ್ಟೇ. ಅಂದರೆ ಕೊನೆ ಸಾಲಿನಲ್ಲಿ ಅವರ ಹೆಸರಿತ್ತು. ಬರೆದದ್ದು ನಾನಲ್ಲ ಸ್ವಾಮಿ ಅಂತ ಅವರು ಹೇಳಬಹುದಿತ್ತು, ಅದು ಸತ್ಯವೂ ಆಗಿತ್ತು. ಹೇಳಲಿಲ್ಲ. ಅವರೂ ತಪ್ಪೊಪ್ಪಿಕೊಂಡರು. ಒಂದು ವರ್ಷ ಸಜೆ, ಸಾವಿರ ರೂಪಾಯಿ ದಂಡ.

ಹೀಗೆ ಹಗ್ಗವಾಗಿದ್ದದ್ದು ನಿಧಾನಕ್ಕೆ ಮುದ್ರೆಯಾಯ್ತು. ಈ ಮಾತಿಗೆ ಇವರು ನಿಲ್ಲುತ್ತಾರೆ, ಬೇಕಾದ್ರೆ ಜೈಲಿಗೂ ಹೋಗ್ತಾರೆ ಅಂತ ಓದುಗನಿಗೆ ಗೊತ್ತಾಯ್ತು. ಸರ್ಕಾರ ಹಿಡಿಯೋಕೆ ಅಂತ ಮಾಡಿಕೊಂಡ ವ್ಯವಸ್ಥೆಯನ್ನು ಓದುಗ ನಂಬೋಕೆ ಅಂತ ಬಳಸಿಕೊಂಡ.

ಸ್ವಾತಂತ್ರ್ಯ ಬಂದ ಮೇಲೆ ಈ ತತ್ವ ಪತ್ರಿಕೆಯನ್ನೂ ದಾಟಿ ಚುನಾವಣೆಗೆ ಬಂತು. 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ 127ಎ ಅಂತ ಒಂದು ಸೆಕ್ಷನ್ ಇದೆ. ಚುನಾವಣೆಯ ಕರಪತ್ರ, ಪೋಸ್ಟರು ಯಾವುದೇ ಇರಲಿ, ಅದರ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎಷ್ಟು ಚೆಂದದ ಏರ್ಪಾಡು ನೋಡಿ. ಓಟು ಹಾಕುವವನ ಗುಟ್ಟನ್ನು ಕಾನೂನು ಕಾಪಾಡುತ್ತೆ, ಓಟಿಗೋಸ್ಕರ ಮಾತಾಡುವವನ ಗುಟ್ಟನ್ನು ಕಾಪಾಡೋದಿಲ್ಲ. ಪ್ರಜಾಪ್ರಭುತ್ವ ನಿಂತಿರೋದು ಈ ಎರಡು ಕಾಲುಗಳ ಮೇಲೆ ಅಂದ್ರೂ ತಪ್ಪಿಲ್ಲ.

ಇನ್ನು ಕನ್ನಡಕ್ಕೆ ಬರೋಣ. 1980ರಲ್ಲಿ ಪಿ. ಲಂಕೇಶ್ ಮೇಷ್ಟ್ರ ಕೆಲಸ ಬಿಟ್ಟು ಬಂದವರು ಲಂಕೇಶ್ ಪತ್ರಿಕೆ ಶುರು ಮಾಡಿದರು. ಜಾಹೀರಾತು ತಗೊಳ್ಳಲ್ಲ ಅನ್ನೋದು ಅದರ ನಿಯಮ. ಓದುಗ ಅಂಗಡಿಯಲ್ಲಿ ಕೊಡೋ ಚಿಲ್ಲರೆಯಿಂದಲೇ ಪತ್ರಿಕೆ ನಡೀಬೇಕು. ಜಾಹೀರಾತು ಕೊಡುವವನ ಹಂಗಿಲ್ಲದಿದ್ದರೆ ಅವನಿಗೆ ಹೆದರೋ ಅಗತ್ಯವೂ ಇಲ್ಲ ಅನ್ನೋ ಸರಳ ಲೆಕ್ಕ. ಮತ್ತು ಪತ್ರಿಕೆಗೆ ಹೆಸರೇ ಸಂಪಾದಕರದು. ಬೇರೆಯವರು ಕೊನೆ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕೋದನ್ನು ಇವರು ಮುಖಪುಟದಲ್ಲಿ ದೊಡ್ಡದಾಗಿ ಹಾಕಿದ್ದರು!

ಆಗಲೂ ಒಂದು ಪ್ರತಿ ಕೊಂಡರೆ ಹತ್ತು ಜನ ಬಿಟ್ಟಿ ಓದೋರು. ಕ್ಷೌರದಂಗಡಿಯಲ್ಲಿ, ಹೋಟೆಲಿನ ಮೇಜಿನ ಮೇಲೆ, ಹಾಸ್ಟೆಲಿನ ಮಂಚದ ಮೇಲೆ. ಓದದವರು ಓದಿದವರ ಬಾಯಲ್ಲಿ ಕೇಳೋರು. ಆದರೆ ಸುದ್ದಿ ಎಷ್ಟು ಬಾಯಿ ದಾಟಿದರೂ ಅದರ ಬೆನ್ನಿಗೆ ಹೆಸರು ಅಂಟಿಕೊಂಡೇ ಹೋಗ್ತಿತ್ತು. ಲಂಕೇಶ್ ಪತ್ರಿಕೇಲಿ ಬಂದಿದೆ, ಪ್ರಜಾವಾಣೀಲಿ ಬಂದಿದೆ ಅಂತ. ಒಪ್ಪೋರು ಹೆಸರು ಹೇಳಿಯೇ ಒಪ್ಪೋರು, ಬೈಯ್ಯೋರು ಹೆಸರು ಹೇಳಿಯೇ ಬೈಯ್ಯೋರು.

ಹೆಸರಿಗೆ ಬೆಲೆ ತೆರಬೇಕಾಗುತ್ತೆ ಅನ್ನೋದನ್ನೂ ನಾವು ಇಲ್ಲೇ ನೋಡಿದ್ದೇವೆ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆ ಬಾಗಿಲಲ್ಲಿ ಗೌರಿ ಲಂಕೇಶ್ ಅವರನ್ನು ಗುಂಡಿಟ್ಟು ಕೊಂದರು. ತಮ್ಮ ಪತ್ರಿಕೆಯ ಕೊನೆಯ ಸಂಚಿಕೆಯ 'ಕಂಡ ಹಾಗೆ' ಅಂಕಣದಲ್ಲಿ ಅವರು ಬರೆದಿದ್ದು ಸುಳ್ಳುಸುದ್ದಿಯ ಬಗ್ಗೆ. ಗಣೇಶನ ಹಬ್ಬದ ಹೆಸರಲ್ಲಿ ಹಬ್ಬಿಸಿದ ಒಂದು ಸುಳ್ಳನ್ನು ಹಿಡಿದು, ಇಂಥವು ಹೇಗೆ ತಯಾರಾಗಿ ಹೇಗೆ ಊರು ತುಂಬಾ ಹರಡ್ತವೆ ಅಂತ ವಿವರಿಸಿದ್ದರು. ಆಗಿನ್ನೂ ಸುಳ್ಳು ತಯಾರಿಸೋಕೆ ಒಬ್ಬ ಮನುಷ್ಯ ಕೂತು ಟೈಪ್ ಮಾಡಬೇಕಿತ್ತು. ಆ ಮನುಷ್ಯನಿಗೆ ಹೆಸರಿರಲಿಲ್ಲ, ಅದನ್ನು ಬಯಲು ಮಾಡಿದವರಿಗೆ ಹೆಸರಿತ್ತು. ಆ ಅಸಮ ಕಾಳಗ ಎಲ್ಲಿಗೆ ಬಂದು ನಿಂತಿದೆ ಅನ್ನೋದೇ ಈಗಿನ ವಿಷಯ.

2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಇಂಥ ಯಂತ್ರಗಳು ಹೇಗೆ ಕೆಲಸ ಮಾಡ್ತವೆ ಅಂತ ಈಗ ನಿಮ್ಮ ಆಫೀಸಿನಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುತ್ತೆ. ರಾಶಿ ರಾಶಿ ಬರಹವನ್ನು ಓದಿಸಿ, ಯಾವ ಪದದ ಮುಂದೆ ಯಾವ ಪದ ಬರೋ ಸಾಧ್ಯತೆ ಹೆಚ್ಚು ಅನ್ನೋ ಲೆಕ್ಕ ಕಲಿಸಿರ್ತಾರೆ. ಆ ರಾಶಿಯಲ್ಲಿ ಪತ್ರಿಕೆಗಳ ವರದಿಗಳೂ ಇವೆ, ಜನ ಹೊತ್ತು ಕಳೆಯೋಕೆ ಬರೆದ ತಮಾಷೆಯೂ ಇದೆ. ಯಂತ್ರದ ಪಾಲಿಗೆ ಎರಡೂ ಅಕ್ಷರಗಳೇ. ಯಾರು ಯಾವ ಮಾತಿಗೆ ಸಹಿ ಹಾಕಿದ್ದರು ಅನ್ನೋದು ಈ ಅರೆಯೋ ಕೆಲಸದಲ್ಲಿ ಮೊದಲು ಉದುರಿಹೋಗುತ್ತೆ.

2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕದಲ್ಲಿ ಹುಡುಕಾಟದ ಫಲಿತಾಂಶಗಳ ಮೇಲೆ ಎಐ ಬರೆದ ಉತ್ತರಗಳನ್ನು ತೋರಿಸೋಕೆ ಶುರು ಮಾಡಿತು. ಪಿಜ್ಜಾ ಮೇಲಿನ ಚೀಸ್ ಜಾರದಿರಲು ಸಾಸಿಗೆ ಸ್ವಲ್ಪ ಗೋಂದು ಸೇರಿಸಿ ಅಂತ ಅದು ಒಬ್ಬರಿಗೆ ಸಲಹೆ ಕೊಟ್ಟಿದ್ದು ಲೋಕಪ್ರಸಿದ್ಧವಾಯ್ತು. ಮೂಲ ಹುಡುಕಿದರೆ, ವರ್ಷಗಳ ಹಿಂದೆ ರೆಡಿಟ್‌ನಲ್ಲಿ ಯಾರೋ ಬರೆದ ತಮಾಷೆ. ದಿನಕ್ಕೊಂದು ಕಲ್ಲು ತಿನ್ನಿ ಅಂತಲೂ ಹೇಳಿತು. ಅದರ ಮೂಲ ದಿ ಆನಿಯನ್ ಅನ್ನೋ ವಿಡಂಬನೆ ಪತ್ರಿಕೆ. ನಾವು ನಕ್ಕೆವು. ಆದರೆ ನಗುವ ಹಿಂದಿನ ವಿಷಯ ಇದು: ದಿ ಆನಿಯನ್ ಅನ್ನೋ ಹೆಸರನ್ನು ನೋಡಿದ ಕೂಡಲೇ ಓದುಗ ಇದು ತಮಾಷೆ ಅಂತ ತಿಳ್ಕೊಳ್ತಾನೆ. ಹೆಸರು ಕಳಚಿದ ಮರುಕ್ಷಣ ತಮಾಷೆ ಮಾಹಿತಿಯಾಗಿಬಿಡುತ್ತೆ. ಹೆಸರು ಅಂದ್ರೆ ಬರೀ ಅಲಂಕಾರವಲ್ಲ, ಅರ್ಥದ ಅರ್ಧ ಭಾಗ ಅದರಲ್ಲೇ ಇದೆ.

ಗೋಂದು, ಕಲ್ಲು ಬಿಡಿ. ಸಣ್ಣ ಪತ್ರಿಕೆಗಳಿಗೆ ನಿಜವಾದ ಹೊಡೆತ ಬೀಳೋದು ಉತ್ತರ ಸರಿಯಾಗಿದ್ದಾಗ. ಒಬ್ಬ ವರದಿಗಾರ್ತಿ ಆರು ತಿಂಗಳು ತಾಲ್ಲೂಕು ಕಚೇರಿಗೆ ಅಲೆದು, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಒಂದು ಕೆರೆ ಒತ್ತುವರಿಯ ಕಡತ ಹೊರಗೆ ತಂದಳು ಅಂತಿಟ್ಕೊಳ್ಳಿ. ಉತ್ತರದ ಯಂತ್ರ ಅದನ್ನು ನಾಲ್ಕು ಸಾಲಿಗೆ ಇಳಿಸಿ ನಿಮ್ಮ ಮುಂದಿಡುತ್ತೆ. ನೀವು ಓದ್ತೀರಿ, ಓಹೋ ಅಂತೀರಿ, ಮುಂದಕ್ಕೆ ಹೋಗ್ತೀರಿ. ಲಿಂಕ್ ಅಲ್ಲೇ ಇದ್ದರೂ ಒತ್ತಲ್ಲ. ಅವಳ ಪತ್ರಿಕೆಗೆ ಓದುಗ ಬರಲಿಲ್ಲ, ಚಂದಾ ಬರಲಿಲ್ಲ, ಜಾಹೀರಾತೂ ಇಲ್ಲ. ಹಿಕ್ಕಿಯ ಕಾಲದಲ್ಲಿ ಅಂಚೆಯವನು ಪತ್ರಿಕೆಯನ್ನು ಒಯ್ಯಲಿಲ್ಲ. ಈಗಿನ ಅಂಚೆಯವನು ಲಕೋಟೆ ಒಡೆದು, ಕಾಗದ ತಾನೇ ಓದಿ ಹೇಳಿ, ಲಕೋಟೆಯನ್ನು ದಾರಿಯಲ್ಲೇ ಬಿಸಾಕ್ತಾನೆ. ಮೊದಲನೆಯವನ ವಿರುದ್ಧ ಹರಕಾರರನ್ನು ಇಟ್ಕೋಬಹುದಿತ್ತು. ಎರಡನೆಯವನ ವಿರುದ್ಧ?

ದೊಡ್ಡ ಸಂಸ್ಥೆಗಳು ಕೋರ್ಟಿಗೆ ಹೋಗಿವೆ. 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. 2024ರ ನವೆಂಬರ್‌ನಲ್ಲಿ ನಮ್ಮ ಎಎನ್‌ಐ ಸುದ್ದಿಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಯಿತು. ಅನುಮತಿ ಇಲ್ಲದೆ ತನ್ನ ವರದಿಗಳನ್ನು ಬಳಸಿದೆ ಅನ್ನೋದು ಎಎನ್‌ಐ ಆರೋಪದ ಒಂದು ಭಾಗ. ತಾನು ಪ್ರಕಟಿಸದೇ ಇದ್ದ ಸುದ್ದಿಗಳನ್ನು ತನ್ನ ಹೆಸರಿಗೆ ಕಟ್ಟಿದೆ ಅನ್ನೋದು ಇನ್ನೊಂದು ಭಾಗ. ಕಂಪನಿ ಎರಡನ್ನೂ ಒಪ್ಪೋದಿಲ್ಲ, ಎಲ್ಲರಿಗೂ ತೆರೆದಿಟ್ಟ ಬರಹವನ್ನು ಬಳಸೋದು ನ್ಯಾಯವೇ ಅನ್ನುತ್ತೆ. ಇನ್ನು ಕೆಲವು ದೊಡ್ಡ ಸಂಸ್ಥೆಗಳು ಕಂಪನಿಗಳ ಜೊತೆ ದುಡ್ಡಿನ ಒಪ್ಪಂದ ಮಾಡಿಕೊಂಡಿವೆ. ನಾಲ್ಕು ಜನ ಸೇರಿ ನಡೆಸೋ ಜಿಲ್ಲಾ ಪತ್ರಿಕೆಗೆ ದಾವೆ ಹೂಡೋ ಶಕ್ತಿಯೂ ಇಲ್ಲ, ಒಪ್ಪಂದಕ್ಕೆ ಕರೆಯೋರೂ ಇಲ್ಲ.

ಎಎನ್‌ಐ ದೂರಿನ ಆ ಎರಡು ಭಾಗಗಳನ್ನು ಒಟ್ಟಿಗೆ ನೋಡಿ. ಒಂದು ಕಡೆ ಸುದ್ದಿ ಇದೆ, ಅದರ ಹೆಸರು ಹೋಗಿದೆ. ಇನ್ನೊಂದು ಕಡೆ ಹೆಸರಿದೆ, ಸುದ್ದಿ ಅವರದಲ್ಲ. ಮೊದಲನೆಯದು ಪತ್ರಿಕೆಯ ಹೊಟ್ಟೆಗೆ ಹೊಡೆಯುತ್ತೆ. ಎರಡನೆಯದು ಅದರ ಮಾನಕ್ಕೇ ಹೊಡೆಯುತ್ತೆ.

ಎರಡನೆಯದಕ್ಕೆ ಉದಾಹರಣೆ ಬೇಕಾ? 2024ರ ಡಿಸೆಂಬರ್‌ನಲ್ಲಿ ಆಪಲ್ ಫೋನುಗಳಲ್ಲಿ ಎಐ ಸುದ್ದಿಗಳನ್ನು ಸಂಕ್ಷೇಪಿಸಿ ತೋರಿಸೋ ಸೌಲಭ್ಯ, ಅಮೆರಿಕದ ಕೊಲೆ ಪ್ರಕರಣವೊಂದರ ಆರೋಪಿ ತನಗೆ ತಾನೇ ಗುಂಡು ಹಾರಿಸಿಕೊಂಡ ಅಂತ ತೋರಿಸಿತು. ಪಕ್ಕದಲ್ಲಿ ಬಿಬಿಸಿ ಗುರುತು. ಅಂಥದ್ದು ನಡೆದೇ ಇರಲಿಲ್ಲ, ಬಿಬಿಸಿ ಹಾಗೆ ಬರೆದೂ ಇರಲಿಲ್ಲ. ಬಿಬಿಸಿ ದೂರು ಕೊಟ್ಟಿತು, ಜನವರಿಯಲ್ಲಿ ಆಪಲ್ ಸುದ್ದಿಗಳ ಮಟ್ಟಿಗೆ ಆ ಸೌಲಭ್ಯವನ್ನು ತಡೆಹಿಡಿಯಿತು. ಇಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಕೆಟ್ಟ ಉದ್ದೇಶ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಸ್ಲೊವಾಕಿಯಾ ನೋಡಬೇಕು.

ಮಧ್ಯ ಯುರೋಪಿನ ಪುಟ್ಟ ದೇಶ. 2018ರ ಫೆಬ್ರವರಿಯಲ್ಲಿ ಅಲ್ಲಿ ಯಾನ್ ಕುಟ್ಸಿಯಾಕ್ ಅನ್ನೋ ಯುವ ತನಿಖಾ ಪತ್ರಕರ್ತನನ್ನೂ ಅವನು ಮದುವೆಯಾಗಬೇಕಿದ್ದ ಹುಡುಗಿಯನ್ನೂ ಮನೆಯಲ್ಲೇ ಕೊಂದರು. ಜನ ಬೀದಿಗಿಳಿದರು, ಪ್ರಧಾನಿ ರಾಬರ್ಟ್ ಫಿಟ್ಸೊ ರಾಜೀನಾಮೆ ಕೊಟ್ಟರು. ಪತ್ರಕರ್ತರ ಹೆಸರಿಗೆ ಅಷ್ಟು ತೂಕವಿದ್ದ ದೇಶ. 2023ರ ಸೆಪ್ಟೆಂಬರ್ 30ರಂದು ಅಲ್ಲಿ ಚುನಾವಣೆ. ಮತದಾನಕ್ಕೆ ಎರಡು ದಿನ ಮೊದಲು ಪ್ರಚಾರವೆಲ್ಲ ನಿಲ್ಲಬೇಕು. ಸರಿಯಾಗಿ ಆ ಹೊತ್ತಿಗೆ ಒಂದು ಆಡಿಯೋ ಹರಿದಾಡಿತು. ಒಂದು ದನಿ ಕಣದಲ್ಲಿದ್ದ ಪಕ್ಷವೊಂದರ ನಾಯಕ ಮಿಖಾಲ್ ಶಿಮೆಚ್ಕಾ ಅವರದು. ಇನ್ನೊಂದು ದೆನ್ನಿಕ್ ಎನ್ ಪತ್ರಿಕೆಯ ಪತ್ರಕರ್ತೆ ಮೋನಿಕಾ ತೊದೊವಾ ಅವರದು. ಚುನಾವಣೆಯಲ್ಲಿ ಅಕ್ರಮ ಹೇಗೆ ಮಾಡೋದು ಅಂತ ಇಬ್ಬರೂ ಮಾತಾಡ್ತಿದ್ದ ಹಾಗೆ ಕೇಳುತ್ತಿತ್ತು. ಇಬ್ಬರೂ ಇದು ನಕಲಿ ಅಂದರು. ಪರಿಶೀಲಿಸಿದ ಎಎಫ್‌ಪಿ, ಎಐ ಬಳಸಿ ಮಾಡಿದ ಕುರುಹುಗಳಿವೆ ಅಂದಿತು.

ಶಿಮೆಚ್ಕಾ ಪಕ್ಷ ಸೋತಿತು, ಫಿಟ್ಸೊ ಮತ್ತೆ ಪ್ರಧಾನಿಯಾದರು. ಆಡಿಯೋದಿಂದಲೇ ಸೋತರು ಅಂತ ಹೇಳೋಕಾಗಲ್ಲ. ನನಗೆ ಕಾಡೋದು ಬೇರೆ. ಸುಳ್ಳು ಮಾಡಿದವರು ರಾಜಕಾರಣಿಯ ದನಿಯೊಂದನ್ನೇ ಕದಿಯಬಹುದಿತ್ತು. ಪತ್ರಕರ್ತೆಯ ದನಿಯನ್ನೂ ಕದ್ದರು. ದೆನ್ನಿಕ್ ಎನ್ ಅನ್ನೋದು, ತಾವು ಕೆಲಸ ಮಾಡ್ತಿದ್ದ ಪತ್ರಿಕೆಯಲ್ಲಿ ದೊಡ್ಡ ಹಣಕಾಸು ಸಂಸ್ಥೆಯೊಂದು ಪಾಲು ಕೊಂಡಾಗ ಹೊರಬಂದ ಪತ್ರಕರ್ತರು ಓದುಗರ ಚಂದಾ ನಂಬಿ ಕಟ್ಟಿದ ಪತ್ರಿಕೆ. ಆ ನಂಬಿಕೆಯೇ ಕಳ್ಳನಿಗೆ ಬೇಕಾಗಿದ್ದ ಮಾಲು. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರನ್ನು ಕೆಲವೇ ನಿಮಿಷದ ಆಡಿಯೋಗೆ ಅಂಟಿಸಿಬಿಟ್ಟರು. ಆ ಆಡಿಯೋದ ಅಡಿಯಲ್ಲಿ ಮುದ್ರಕರ ಸಾಲು ಇರಲಿಲ್ಲ.

ನಮ್ಮಲ್ಲೂ ಆಗಿದೆ. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಆಮಿರ್ ಖಾನ್, ರಣವೀರ್ ಸಿಂಗ್ ರಾಜಕೀಯ ಮಾತಾಡಿದ ಹಾಗಿದ್ದ ನಕಲಿ ವಿಡಿಯೋಗಳು ಹರಿದಾಡಿ, ಇಬ್ಬರೂ ಪೊಲೀಸರಿಗೆ ದೂರು ಕೊಟ್ಟರು. ಒಂದು ಊರಿನ ಗೋಡೆಗೆ ಅಂಟಿಸೋ ಪೋಸ್ಟರಿಗೆ 127ಎ ಪ್ರಕಾರ ಮುದ್ರಕನ ವಿಳಾಸ ಬೇಕು. ಇಡೀ ದೇಶದ ಅಂಗೈಗೆ ಬಂದು ಬೀಳೋ ವಿಡಿಯೋ ಯಾರ ವಿಳಾಸವೂ ಇಲ್ಲದೆ ಬರುತ್ತೆ.

ಹಾಗಂತ ಯಂತ್ರವನ್ನೇ ಶತ್ರು ಅನ್ನೋದು ತಪ್ಪು. 2016ರ ಪನಾಮಾ ಪೇಪರ್ಸ್ ನೆನಪಿದೆಯಲ್ಲ? ಒಂದು ಕೋಟಿ ಹದಿನೈದು ಲಕ್ಷ ದಾಖಲೆಗಳು. ಕಂಪ್ಯೂಟರಿನ ಸಹಾಯವಿಲ್ಲದೆ ಮನುಷ್ಯರು ಓದಿ ಮುಗಿಸೋ ರಾಶಿ ಅಲ್ಲ ಅದು. ಯಂತ್ರ ಚಿತ್ರಗಳಲ್ಲಿದ್ದ ಅಕ್ಷರ ಓದಿತು, ವಿಂಗಡಿಸಿತು, ಹುಡುಕಿ ಕೊಟ್ಟಿತು. ಆದರೆ ಇಂಥ ಪ್ರಧಾನಿಯ ಹೆಸರು ಇಲ್ಲಿದೆ ಅಂತ ಬರೆದು ಕೆಳಗೆ ಸಹಿ ಹಾಕಿದವರು ವರದಿಗಾರರು. ಇವತ್ತು ಎರಡೇ ಜನರ ಒಂದು ಪತ್ರಿಕೆ ಗ್ರಾಮಸಭೆಯ ಮೂರು ಗಂಟೆಯ ರೆಕಾರ್ಡಿಂಗನ್ನು ಯಂತ್ರದಿಂದ ಬರಹಕ್ಕಿಳಿಸಿಕೊಳ್ಳಬಹುದು. ಉಳಿದ ಹೊತ್ತಲ್ಲಿ ಇನ್ನೊಂದು ಊರಿಗೆ ಹೋಗಿ ಬರಬಹುದು. ಯಂತ್ರ ಬಳಸಿದರಾ ಅನ್ನೋದಲ್ಲ ಪ್ರಶ್ನೆ. ಬಂದ ಮಾತಿಗೆ ನಿಲ್ಲೋರು ಯಾರು ಅನ್ನೋದು ಪ್ರಶ್ನೆ.

ಈ ಪ್ರಶ್ನೆಗೆ ಕಾನೂನಿನಲ್ಲಿ ಇನ್ನೂ ನೇರ ಉತ್ತರವಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್, ಬೇರೆಯವರ ಮಾತನ್ನು ಸಾಗಿಸುವ ವೇದಿಕೆಗಳಿಗೆ ಕೆಲವು ಷರತ್ತುಗಳ ಮೇಲೆ ರಕ್ಷಣೆ ಕೊಡುತ್ತೆ. ನಾನು ಬರೀ ಪೋಸ್ಟ್‌ಮ್ಯಾನ್, ಕಾಗದದಲ್ಲಿ ಏನಿದೆಯೋ ನನಗೇನು ಗೊತ್ತು ಅನ್ನೋ ವಾದ ಅದು. ಆದರೆ ಯಂತ್ರವೇ ವಾಕ್ಯ ಕಟ್ಟಿ ಉತ್ತರ ಹೇಳಿದಾಗ ಅದು ಯಾರ ಮಾತು? ಬೇರೆಯವರದಾದರೆ ಅವರ ಹೆಸರು, ಪಾಲು ಎಲ್ಲಿ? ನಿಮ್ಮದೇ ಆದರೆ ಕೆಳಗೆ ಸಹಿ ಹಾಕಿ. ಎರಡೂ ಅಲ್ಲ ಅನ್ನೋ ಮೂರನೇ ಜಾಗ 1799ರಿಂದ ಈಚೆಗೆ ನಮ್ಮ ಪತ್ರಿಕೆಗಳಿಗೆ ಸಿಕ್ಕಿಯೇ ಇಲ್ಲ. ಹೆಸರಿಲ್ಲದೆ ದೂರು ಹೇಳಿಕೊಳ್ಳಬೇಕಾದ ಗುಮಾಸ್ತ, ಭಯದಲ್ಲಿರೋ ಸಾಕ್ಷಿ, ಇವರಿಗೆಲ್ಲ ಮರೆ ಬೇಕು, ಹಿಕ್ಕಿಯ ಕಾಗದದವರಿಗೂ ಬೇಕಿತ್ತು. ಅವರು ಮರೆಯಲ್ಲಿರಬಹುದಾಗಿದ್ದೇ ಮುಂದೆ ಒಬ್ಬರು ಬಯಲಲ್ಲಿ ನಿಂತಿದ್ದರಿಂದ. ಉತ್ತರದ ಯಂತ್ರದಲ್ಲಿ ಇದು ತಿರುಗುಮುರುಗಾಗಿದೆ. ಮೂಲದವರು ಬಯಲಲ್ಲಿದ್ದಾರೆ, ಮಾತಾಡುವವನು ಮರೆಯಲ್ಲಿದ್ದಾನೆ.

ಕಾನೂನು ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಕೊನೆ ಸಾಲನ್ನು ಹಗ್ಗದಿಂದ ಮುದ್ರೆಯಾಗಿ ಬದಲಾಯಿಸಿದ್ದರಲ್ಲಿ ಓದುಗರ ಪಾಲು ಸಣ್ಣದಲ್ಲ ಅನ್ನೋದು ನೆನಪಿರಲಿ. ಶಂಕರಲಾಲ್ ಬ್ಯಾಂಕರ್ ಜೈಲಿಗೆ ಹೋದಾಗ ಅದಕ್ಕೊಂದು ಅರ್ಥ ಬಂದದ್ದು, ಆ ಹೆಸರನ್ನು ನೋಡಿ ಪತ್ರಿಕೆ ಕೊಳ್ಳೋರು ಇದ್ದರು ಅನ್ನೋ ಕಾರಣಕ್ಕೆ. ಆದ್ದರಿಂದ ಮುಂದಿನ ಸಲ ಫೋನು ನಿಮಗೆ ಏನನ್ನಾದರೂ ನುಣ್ಣಗೆ, ಖಚಿತವಾಗಿ, ನಾಲ್ಕೇ ಸಾಲಲ್ಲಿ ಹೇಳಿದಾಗ ಇದನ್ನು ಹೇಳಿದ್ದು ಯಾರು ಅಂತ ಕೇಳಿ. ಹೆಸರು ಸಿಕ್ಕರೆ ಆ ಹೆಸರಿನ ಮನೆಗೆ ಹೋಗಿ ಓದಿ. ಅಲ್ಲಿ ಒಳ್ಳೆ ಕೆಲಸ ಕಂಡರೆ ತಿಂಗಳಿಗೆ ಎರಡು ಫಿಲ್ಟರ್ ಕಾಫಿಯ ದುಡ್ಡನ್ನು ಚಂದಾ ಅಂತ ಕೊಡಿ. ಲಂಕೇಶ್ ಪತ್ರಿಕೆಯನ್ನು ಅಷ್ಟು ವರ್ಷ ನಿಲ್ಲಿಸಿದ್ದು ಅಂಥ ಚಿಲ್ಲರೆಯೇ.

ಹೆಸರು ಸಿಗಲಿಲ್ಲವಾ? ಹಾಗಾದ್ರೆ ಅದು ಇನ್ನೂ ಸುದ್ದಿಯಾಗಿಲ್ಲ. ಯಾರೋ ಗೋಡೆಯಾಚೆಯಿಂದ ಕೂಗಿದ ಮಾತು, ಅಷ್ಟೇ. ಅದನ್ನು ನಂಬಿ ಓಟು ಹಾಕೋಕೆ ಹೋಗಬೇಡಿ.